‘ಏಲ್’ ಮತ್ತು ‘ಬಿಯರ್’: ಒಂದು ಅರ್ಥಭೇದದ ಚರಿತ್ರೆ

ಇಂದಿನ ಇಂಗ್ಲಿಷ್ ಪಾರಿಭಾಷಿಕ ಬಳಕೆಯಲ್ಲಿ ‘ಬಿಯರ್’ ಜಾತಿವಾಚಕ. ‘ಏಲ್’ ಮತ್ತು ‘ಲಾಗರ್’ ಅದರ ಎರಡು ಪ್ರಭೇದಗಳು. ಅವನ್ನು ಬೇರ್ಪಡಿಸುವುದು ಹುದುಗಿಸುವ ಯೀಸ್ಟ್. ಆದರೆ ಈ ವರ್ಗೀಕರಣವನ್ನು 16ನೆಯ ಶತಮಾನದ ಪಠ್ಯಗಳಿಗೆ ಅನ್ವಯಿಸಿದರೆ ಅವುಗಳ ಅರ್ಥವೇ ತಪ್ಪುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ‘ಎಆಲು’, ‘ಬೇಓರ್’ ಎಂಬ ಎರಡೂ ಪದಗಳಿದ್ದವು. ಎರಡನೆಯದು ಯಾವ ಪಾನೀಯವನ್ನು ಸೂಚಿಸುತ್ತಿತ್ತೆಂಬುದು ಇನ್ನೂ ಚರ್ಚೆಯ ವಿಷಯ. ಮುಂದೆ ವಿರಳವಾದ ಆ ಪದ 15ನೆಯ ಶತಮಾನದಲ್ಲಿ ಮತ್ತೆ ಬಳಕೆಗೆ ಬಂದದ್ದು, ಇಂದಿನ ನೆದರ್ಲೆಂಡ್ಸ್–ಬೆಲ್ಜಿಯಂ ಪ್ರದೇಶದಿಂದ ಬಂದ ಹಾಪ್ಸ್ ಬೆರೆತ ಪಾನೀಯದ ಹೆಸರಾಗಿ. ಆಗ ಭೇದಕ ಲಕ್ಷಣ ಯೀಸ್ಟ್ ಅಲ್ಲ, ಹಾಪ್ಸ್: ಅದಿಲ್ಲದ್ದು ಏಲ್, ಅದಿರುವುದು ಬಿಯರ್. 1542ರಲ್ಲಿ ವೈದ್ಯ ಆಂಡ್ರ್ಯೂ ಬೂರ್ಡ್ ಏಲನ್ನು ಇಂಗ್ಲಿಷರ ಸಹಜ ಪಾನೀಯವೆಂದೂ ಬಿಯರನ್ನು ಡಚ್ಚರದೆಂದೂ ವಿಂಗಡಿಸಿದನು. ಆದರೆ ಹಾಪ್ಸ್‌ನ ಕಹಿ ಪಾನೀಯವನ್ನು ಕೆಡದಂತೆ ಕಾಯುತ್ತಿತ್ತು. ಏಲ್ ಬೇಗ ಹುಳಿಯುತ್ತಿತ್ತು. ಹೀಗಾಗಿ ಏಲ್ ತಯಾರಕರೂ ಕ್ರಮೇಣ ಹಾಪ್ಸ್ ಬಳಸತೊಡಗಿದರು. 18ನೆಯ ಶತಮಾನದ ಹೊತ್ತಿಗೆ ಹಳೆಯ ವೈದೃಶ್ಯ ಬಹುಮಟ್ಟಿಗೆ ಅಳಿಸಿಹೋಗಿತ್ತು, ಪದಗಳೆರಡೂ ಉಳಿದವು.

ಈ ಜೋಡಿಗೆ ಹೊಸ ಪ್ರತಿಸ್ಪರ್ಧಿಯಾದದ್ದು ‘ಲಾಗರ್’. ‘ಸಂಗ್ರಹಿಸಿಡು’ ಎಂಬರ್ಥದ ಜರ್ಮನ್ ಕ್ರಿಯಾಪದದಿಂದ ಬಂದ ಈ ಹೆಸರು, ತಂಪು ನೆಲಮಾಳಿಗೆಗಳಲ್ಲಿ ತಿಂಗಳುಗಟ್ಟಲೆ ಮಾಗಿಸುವ ಕ್ರಮವನ್ನು ಸೂಚಿಸುತ್ತದೆ. 1842ರಲ್ಲಿ ಬೊಹೆಮಿಯಾದ ಪಿಲ್ಸೆನ್ ಪಟ್ಟಣದಲ್ಲಿ ಯೋಸೆಫ್ ಗ್ರೋಲ್ ತಯಾರಿಸಿದ ಹೊಂಬಣ್ಣದ ಲಾಗರ್‌ನಿಂದ ‘ಪಿಲ್ಸ್‌ನರ್’ ಎಂಬ ಶೈಲಿನಾಮ ಹುಟ್ಟಿತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಲಾಗರ್ ಯೀಸ್ಟನ್ನು ಶುದ್ಧರೂಪದಲ್ಲಿ ಬೆಳೆಸಿದ ಮೇಲೆ ಯೀಸ್ಟ್ ವರ್ಗೀಕರಣದ ಭದ್ರ ಆಧಾರವಾಯಿತು. ತಂಪಿನಲ್ಲಿ ಹುದುಗಿ ತಳಕ್ಕಿಳಿಯುವ ಯೀಸ್ಟಿನದು ಲಾಗರ್. ಅದಕ್ಕೆದುರಾಗಿ, ಹೆಚ್ಚು ಬೆಚ್ಚಗೆ ಹುದುಗಿ ಮೇಲಕ್ಕೇರುವ ಯೀಸ್ಟಿನದು ‘ಏಲ್’ ಎನಿಸಿತು. ಪದದ ಮೌಲ್ಯ ನಿರ್ಧಾರವಾಗುವುದು ನೆರೆಯ ಪದಗಳಿಂದಲೇ ಎಂಬ ಸೊಸ್ಯೂರನ ಮಾತಿಗೆ ಇದು ಸ್ಪಷ್ಟ ನಿದರ್ಶನ.

ಕನ್ನಡದಲ್ಲಿಯೂ ಇದಕ್ಕೆ ಸಮೀಪದ ಪಲ್ಲಟವೊಂದುಂಟು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಸುರಾಪ್ರಕರಣದಲ್ಲಿ ಮದ್ಯ ಹುದುಗಿಸುವ ದ್ರವ್ಯವಾದ ‘ಕಿಣ್ವ’ ಇಂದಿನ ಕನ್ನಡ ವಿಜ್ಞಾನಪಠ್ಯಗಳಲ್ಲಿ ‘ಎನ್‌ಜೈಮ್’ಗೆ ಸಂವಾದಿಪದ. ಆ ‘ಎನ್‌ಜೈಮ್’ ಕೂಡ ‘ಹುದುಗಿನಲ್ಲಿರುವುದು’ ಎಂಬರ್ಥದ ಗ್ರೀಕ್ ಮೂಲದಿಂದ ಬಂದದ್ದು. ಆದ್ದರಿಂದ ಪಾರಿಭಾಷಿಕ ಕೋಶವು ಅರ್ಥವನ್ನಷ್ಟೇ ಕೊಟ್ಟರೆ ಸಾಲದು. ಆ ಅರ್ಥ ಯಾವ ಕಾಲದ್ದು, ಯಾವ ಪದಕ್ಕೆ ಎದುರಾಗಿ ನಿಂತದ್ದು ಎಂಬುದನ್ನೂ ದಾಖಲಿಸಬೇಕು.