ಪಕ್ಷ

ಸಂಸ್ಕೃತದ ‘ಪಕ್ಷ’ ಎಂದರೆ ರೆಕ್ಕೆ, ರೆಕ್ಕೆಯುಳ್ಳದ್ದು ಪಕ್ಷಿ. ಅಲ್ಲಿಂದ ಮಗ್ಗುಲು, ತಿಂಗಳ ಅರ್ಧ, ವಾದದ ಒಂದು ಕಡೆ, ಹೀಗೇ ರಾಜಕೀಯ ಪಕ್ಷ. ‘ಕನಿಷ್ಠ ಪಕ್ಷ’, ‘ಒಂದು ಪಕ್ಷ ಬರದಿದ್ದರೆ’ ಎನ್ನುವಾಗ ನಮಗೆ ರಾಜಕೀಯದ ನೆನಪೂ ಆಗುವುದಿಲ್ಲ, ಪುಣ್ಯ. ಮರಾಠಿಯಲ್ಲೂ ಪಕ್ಷವೇ, ಒಡೆದರೆ ‘ಗಟ’. ನಮ್ಮ ಪತ್ರಿಕೆಗಳಿಗೆ ಅದು ‘ಬಣ’. 2022ರ ಜೂನ್‌ನಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಏಕನಾಥ ಶಿಂಧೆ ಶಿವಸೇನೆಯಲ್ಲಿ ಬಂಡೆದ್ದರು. ಮರುವರ್ಷ ಚುನಾವಣಾ ಆಯೋಗ ಪಕ್ಷದ ಹೆಸರು, ಬಿಲ್ಲುಬಾಣದ ಚಿಹ್ನೆ ಎರಡನ್ನೂ ಅವರ ಬಣಕ್ಕೇ ಕೊಟ್ಟಿತು. 2023ರಲ್ಲಿ ಎನ್‌ಸಿಪಿ (ರಾಷ್ಟ್ರವಾದಿ ಕಾಂಗ್ರೆಸ್ ಪಕ್ಷ) ಒಡೆದಾಗ ಮುಂಬ್ರಾ-ಕಳವಾ ಶಾಸಕ ಜಿತೇಂದ್ರ ಆವ್ಹಾಡ್ ಶರದ್ ಪವಾರ್ ಜೊತೆಗೇ ಉಳಿದರು. ಪಕ್ಷದ ಗಡಿಯಾರ ಚಿಹ್ನೆ ಇನ್ನೊಂದು ಬಣದ ಅಜಿತ್ ಪವಾರ್ ಪಾಲಾಯಿತು. 2024ರ ವಿಧಾನಸಭಾ ಚುನಾವಣೆಯಲ್ಲಿ ಮುಂಬ್ರಾ-ಕಳವಾ ಕ್ಷೇತ್ರದ ಮತಯಂತ್ರದಲ್ಲಿ ಗಡಿಯಾರವೂ ಇತ್ತು, ಎದುರಾಳಿಯ ಹೆಸರಿನ ಮುಂದೆ. ಆವ್ಹಾಡರು ಗೆದ್ದದ್ದು ತುತಾರಿ (ಕಹಳೆ) ಊದುವವನ ಗುರುತಿನಲ್ಲಿ.