ಬೆಲೆಚೀಟಿಯೂ ಜನರ ಕಣ್ಣೂ



ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಬೆಲೆಯ ಏರಿಳಿತ ಹೊಸದಲ್ಲ. ಆದರೆ ಬೆಲೆಯೊಂದೇ ವಸ್ತುವಿನ ಸ್ವರೂಪವನ್ನು ಜನಮನದಲ್ಲಿ ಬದಲಿಸಿಬಿಡುತ್ತದೆ ಎಂಬುದಕ್ಕೆ ಅಮೆರಿಕದ ಟೆಸ್ಲಾ ಕಾರು ಉತ್ತಮ ನಿದರ್ಶನ.

2006ರಲ್ಲಿ ಇಲಾನ್ ಮಸ್ಕ್ ಪ್ರಕಟಿಸಿದ ಯೋಜನೆ ಸರಳವಾಗಿತ್ತು: ಮೊದಲು ಸಿರಿವಂತರಿಗೆ ದುಬಾರಿ ಕಾರು ಮಾರುವುದು, ಆ ಹಣದಿಂದ ಕ್ರಮೇಣ ಅಗ್ಗದ ಕಾರು ತಯಾರಿಸುವುದು. 2021ರ ಜನವರಿಯಲ್ಲಿ ಕಂಪನಿಯ ಭಾರತೀಯ ಶಾಖೆ ಬೆಂಗಳೂರಿನಲ್ಲಿ ನೋಂದಣಿಯಾದಾಗ ನಾವೆಲ್ಲ ಹಿಗ್ಗಿದೆವು. ಆದರೆ ಆಮದು ಸುಂಕದ ಚೌಕಾಸಿಯಲ್ಲೇ ವರ್ಷಗಳು ಉರುಳಿದವು. ಮೊದಲ ಮಳಿಗೆ ತೆರೆದದ್ದು 2025ರ ಜುಲೈನಲ್ಲಿ, ಅದೂ ಮುಂಬಯಿಯಲ್ಲಿ. ಅಮೆರಿಕದಲ್ಲಿ ಸುಮಾರು 45 ಸಾವಿರ ಡಾಲರಿಗೆ, ಎಂದರೆ 39 ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತಿದ್ದ ‘ಮಾಡೆಲ್ ವೈ’, ಶಾಂಘೈನಿಂದ ಸುಂಕದ ಹೊರೆ ಹೊತ್ತು ಬಂದು ಇಲ್ಲಿ ಸುಮಾರು 60 ಲಕ್ಷವಾಯಿತು. ಅಲ್ಲಿ ಮಧ್ಯಮವರ್ಗದವರೂ ಕೊಳ್ಳುವ ಕಾರು ಇಲ್ಲಿ ಶ್ರೀಮಂತರ ಆಡಂಬರವೆನಿಸಿತು. ಸೆಪ್ಟೆಂಬರ್ ಆರಂಭದ ವೇಳೆಗೆ ಬಂದ ಬೇಡಿಕೆ ಸುಮಾರು 600 ಕಾರುಗಳಿಗಷ್ಟೇ ಎಂದು ಪತ್ರಿಕೆಗಳು ವರದಿ ಮಾಡಿದವು.

ಇದಕ್ಕೂ ಬಹಳ ಮೊದಲೇ, 2001ರಲ್ಲಿ, ಬೆಂಗಳೂರಿನಲ್ಲೇ ತಯಾರಾದ ವಿದ್ಯುತ್ ಕಾರು ‘ರೇವಾ’ ರಸ್ತೆಗಿಳಿದಿತ್ತು. ಅದನ್ನು ಆಟಿಕೆಯೆಂದು ನಕ್ಕವರಲ್ಲಿ ನಾನೂ ಒಬ್ಬ. ನಮ್ಮದನ್ನು ಪುಟ್ಟದೆಂದು ಹಗುರಾಗಿ ಕಂಡೆವು, ಪರದೇಶದ್ದನ್ನು ದುಬಾರಿಯೆಂದು ದೂರದಿಂದಲೇ ನೋಡಿದೆವು. ಎರಡರೊಳಗಿನ ಯಂತ್ರದ ಗುಣವನ್ನು ವಿಚಾರಿಸಿದವರು ಕಡಿಮೆ.

ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಪಾಠ ಹೇಳುವಾಗ ನಾನೂ ಹೀಗೆಯೇ ನಿಮ್ಮಲ್ಲಿ ಕೆಲವರನ್ನು ಅಂಕಪಟ್ಟಿಯಿಂದಷ್ಟೇ ಅಳೆದದ್ದುಂಟು. ಈಗ ನಿಮ್ಮ ಏಳಿಗೆಯನ್ನು ಕಾಣುವಾಗ ಆ ಅಳತೆ ತಪ್ಪಾಗಿತ್ತೆಂದು ಮನವರಿಕೆಯಾಗುತ್ತದೆ. ಈ ಹಳೆಯ ಮೇಷ್ಟ್ರನ್ನು ಮನ್ನಿಸಿರಿ.