ನಾಟಿಲಾಯ್ಡ್ ಪಳೆಯುಳಿಕೆಗಳು: ಕ್ರಿಟೇಷಿಯಸ್ ಕಾಲದ ಚಿಪ್ಪು ಮತ್ತು ದವಡೆಗಳು

ಮೃದ್ವಂಗಿಗಳಲ್ಲಿ ಶಿರಪಾದಿಗಳೆಂಬ ವರ್ಗಕ್ಕೆ ಸೇರಿ, ಒಂದರ ಮುಂದೊಂದು ಕೋಣೆಯನ್ನು ಕಟ್ಟಿಕೊಳ್ಳುತ್ತ ಬೆಳೆಯುವ ಚಿಪ್ಪುಳ್ಳ ಪ್ರಾಚೀನ ಸಮುದ್ರಜೀವಿಗಳೇ ನಾಟಿಲಾಯ್ಡುಗಳು. ಪಶ್ಚಿಮ ಪೆಸಿಫಿಕ್ ಮತ್ತು ಪೂರ್ವ ಹಿಂದೂ ಮಹಾಸಾಗರಗಳಲ್ಲಿ ಇಂದಿಗೂ ಬದುಕಿರುವ ನಾಟಿಲಸ್ ಈ ಮನೆತನದ ಉಳಿದ ಕುಡಿ. ಸುಮಾರು 14.5 ಕೋಟಿ ವರ್ಷಗಳ ಹಿಂದೆ ಮೊದಲಾಗಿ 6.6 ಕೋಟಿ ವರ್ಷಗಳ ಹಿಂದೆ ಮುಗಿದ ಕ್ರಿಟೇಷಿಯಸ್ ಕಾಲದ ಕಡಲುಗಳಲ್ಲಿ ಇವು ತಮ್ಮ ದಾಯಾದಿಗಳಾದ ಅಮೊನೈಟುಗಳೊಡನೆ ಬಾಳಿದುವು. ಸಂಖ್ಯೆಯಲ್ಲಿಯೂ ವೈವಿಧ್ಯದಲ್ಲಿಯೂ ಅವುಗಳಿಗೆ ಸರಿಗಟ್ಟದಿದ್ದರೂ, ಕಾಲಾಂತ್ಯದ ಮಹಾವಿನಾಶದಲ್ಲಿ ಅಮೊನೈಟುಗಳು ನಿರ್ವಂಶವಾದಾಗ ಇವು ಉಳಿದುಕೊಂಡುವು.

ಒಂದೇ ಸ್ತರದಲ್ಲಿ ಎರಡರ ಅವಶೇಷಗಳೂ ದೊರೆಯುವುದರಿಂದ, ಕೈಗೆ ಬಂದ ಸುರುಳಿ ಯಾವ ಮನೆತನದ್ದೆಂಬ ನಿರ್ಣಯವೇ ಮೊದಲ ಕಾರ್ಯ. ಹೊರ ಆಕಾರವನ್ನು ನಂಬಿ ಈ ನಿರ್ಣಯಕ್ಕೆ ಬರಲಾಗದು. ಚಿಪ್ಪು ಕರಗಿ, ಒಳಗೆ ತುಂಬಿದ ಕೆಸರು ಕಲ್ಲಾಗಿ ಉಳಿದ ಅಚ್ಚಿನಲ್ಲಿ, ಕೋಣೆಗಳ ನಡುವಣ ಅಡ್ಡಗೋಡೆಗಳು ಹೊರಗೋಡೆಯನ್ನು ಕೂಡಿದ್ದ ಸಂಧಿರೇಖೆಗಳು ಕಾಣಿಸುತ್ತವೆ. ಅಮೊನೈಟುಗಳಲ್ಲಿ, ಗಂಡಕಿ ನದಿಯ ಸಾಳಗ್ರಾಮಗಳಲ್ಲಿ ಕಾಣುವಂತೆ, ಈ ರೇಖೆ ಕವಲೊಡೆದು ಕುಸುರಿಗೊಂಡಿದ್ದರೆ, ನಾಟಿಲಾಯ್ಡುಗಳಲ್ಲಿ ಅದು ಸರಳವಾಗಿ, ಹೆಚ್ಚೆಂದರೆ ಮೆಲ್ಲಗೆ ಬಳುಕಿ ಸಾಗುತ್ತದೆ. ಅಚ್ಚು ಅಡ್ಡಗೋಡೆಯ ಗುಂಟ ಬಿರಿದಿದ್ದರೆ ಸಾಕ್ಷ್ಯ ಇನ್ನೂ ಸ್ಪಷ್ಟ: ನಾಟಿಲಾಯ್ಡಿನ ಗೋಡೆ ಬಾಯಿಯ ಕಡೆಗೆ ಬಟ್ಟಲಿನಂತೆ ತಗ್ಗಾಗಿರುವುದು, ಕೋಣೆಯಿಂದ ಕೋಣೆಗೆ ಹಾಯುವ ನಾಳದ ರಂಧ್ರವು ಗೋಡೆಯ ಒಳಭಾಗದಲ್ಲಿ, ಅನೇಕ ವೇಳೆ ನಡುವಿನ ಸಮೀಪದಲ್ಲಿ ಇರುವುದು. ಅಮೊನೈಟಿನಲ್ಲಿಯಾದರೋ ನಾಳವು ಸಾಮಾನ್ಯವಾಗಿ ಸುರುಳಿಯ ಹೊರ ಅಂಚಿಗೇ ಅಂಟಿಕೊಂಡಿರುತ್ತದೆ. ಈ ರಂಧ್ರದ ಸ್ಥಾನವನ್ನು ನೋಡದೆ ಹೆಸರು ಹಚ್ಚುವುದು ಅವಸರದ ಕೆಲಸ.

ಜಾತಿಗಳ ವಿಂಗಡಣೆಯಲ್ಲಿ ಚಿಪ್ಪಿನ ಮೇಲ್ಮೈ, ಅಡ್ಡಕೊಯ್ತದ ಆಕಾರ, ಸಂಧಿರೇಖೆಯ ಬಾಗು ಇವೇ ಮುಖ್ಯ ಆಧಾರಗಳು. ಯೂಟ್ರೆಫೊಸೆರಾಸ್ ದುಂಡಗೆ ಉಬ್ಬಿದ, ನಯವಾದ, ಹೊರಸುತ್ತು ಒಳಸುತ್ತನ್ನು ಬಹುಮಟ್ಟಿಗೆ ಮುಚ್ಚಿದ ಚಿಪ್ಪು. ಅದರ ಸಂಧಿರೇಖೆ ಹೆಚ್ಚುಕಡಮೆ ನೇರ. ಸೈಮಟೊಸೆರಾಸಿಗೆ ಏಣುಗಳೇ ಲಕ್ಷಣ. ಅವು ಪಕ್ಕಗಳಲ್ಲಿ ಬಳುಕಿ, ಹೊರಬೆನ್ನಿನ ಮೇಲೆ ಹಿಂದಕ್ಕೆ ಬಾಗುತ್ತವೆ. ಆಂಗ್ಯುಲಿಥಿಸಿನ ಬೆನ್ನು ಕೋನವಾಗಿ ಚೂಪಾಗಿದ್ದು ಅಡ್ಡಕೊಯ್ತ ತ್ರಿಕೋನದಂತೆ ತೋರಿದರೆ, ಹರ್ಕೊಗ್ಲಾಸಾದ ಸಂಧಿರೇಖೆ ಪಕ್ಕದಲ್ಲಿ ಆಳವಾಗಿ ಬಾಗಿರುತ್ತದೆ. ಏಣುಗಳು ಒಳ ಅಚ್ಚಿನ ಮೇಲೆ ಮಸುಕಾಗಿ ಮೂಡುವುದರಿಂದ, ಚಿಪ್ಪು ಕಳೆದುಕೊಂಡ ಸೈಮಟೊಸೆರಾಸನ್ನು ಯೂಟ್ರೆಫೊಸೆರಾಸೆಂದು ಭ್ರಮಿಸುವ ಸಂಭವವುಂಟು. ಅಚ್ಚಿನ ಯಾವುದಾದರೂ ಮೂಲೆಯಲ್ಲಿ ಅಂಟಿಕೊಂಡಿರುವ ಚಿಪ್ಪಿನ ಚೂರನ್ನು ಹುಡುಕಿ ನೋಡಿಯೇ ಮಾತಾಡಬೇಕು.

ದಕ್ಷಿಣ ಭಾರತದಲ್ಲಿ ಈ ಅಭ್ಯಾಸಕ್ಕೆ ಶ್ರೇಷ್ಠ ಕ್ಷೇತ್ರವೆಂದರೆ ಕಾವೇರಿಯ ಹೆಸರನ್ನೇ ಹೊತ್ತ ಶಿಲಾದ್ರೋಣಿಗೆ ಸೇರಿದ ತಿರುಚಿರಾಪಳ್ಳಿ–ಅರಿಯಲೂರು ಪ್ರದೇಶ. ಕೇ ಮತ್ತು ಕನ್ಲಿಫ್ ಎಂಬವರು ಅಲ್ಲಿಯೂ ಪುದುಚೇರಿಯ ಬಳಿಯಲ್ಲಿಯೂ ಕೂಡಿಸಿದ ಪಳೆಯುಳಿಕೆಗಳನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ವರ್ಣಿಸಿದನು. ಮುಂದೆ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥನಾದ ಹೆನ್ರಿ ಬ್ಲ್ಯಾನ್‌ಫರ್ಡ್, ಅಲ್ಲಿಯ ನಾಟಿಲಾಯ್ಡ್ ಚಿಪ್ಪುಗಳನ್ನು 1861ರಲ್ಲಿ ವಿವರಿಸಿದನು. ಈ ವಿವರಣೆಯ ಬೆಲೆ ಇನ್ನೂ ಕುಂದಿಲ್ಲ. ಆದರೆ ಆ ಪ್ರದೇಶದ ನಾಟಿಲಾಯ್ಡುಗಳೆಲ್ಲ ಕ್ರಿಟೇಷಿಯಸ್ ಕಾಲದವಲ್ಲ: ಅಲ್ಲಿಯ ನಿನ್ನಿಯೂರು ಸ್ತರಗಳಲ್ಲಿ ದೊರೆಯುವ ಹರ್ಕೊಗ್ಲಾಸಾ ಡ್ಯಾನಿಕಾ ಕ್ರಿಟೇಷಿಯಸ್ ಮುಗಿದ ಮೇಲಿನ ಕಾಲದ್ದು.

ದವಡೆಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ನಾಟಿಲಸ್ಸಿನ ಬಾಯಿ ಗಿಳಿಯ ಕೊಕ್ಕನ್ನು ಹೋಲುವುದಾದರೂ, ಗಿಳಿಯಲ್ಲಿ ಮೇಲಿನ ಕೊಕ್ಕು ಕೆಳಗಿನದನ್ನು ಮುಚ್ಚಿದರೆ, ಇಲ್ಲಿ ಕೆಳದವಡೆಯೇ ಹೊರಗಿದ್ದು ಮೇಲಿನದು ಅದರೊಳಗೆ ಸೇರುತ್ತದೆ. ದವಡೆಗಳ ಬಹುಭಾಗ ಕೈಟಿನ್ ಎಂಬ ಕೊಂಬಿನಂಥ ವಸ್ತು. ಅದು ಸುಲಭವಾಗಿ ಕೊಳೆತುಹೋಗುವುದರಿಂದ, ಸುಣ್ಣ ತುಂಬಿ ಗಟ್ಟಿಯಾದ ತುದಿಗಳು ಮಾತ್ರ ಶಿಲೆಯಲ್ಲಿ ಉಳಿಯುತ್ತವೆ. ಮೇಲ್ದವಡೆಯ ತುದಿಯಾದ ರಿಂಕೊಲೈಟ್ ಬಾಣದ ಮೊನೆಯಂತೆ ಮುಂದೆ ಚೂಪಾಗಿ, ಹಿಂದೆ ಮೊಂಡಾದ ಕಾಂಡವನ್ನು ಹೊಂದಿದೆ. ಕೆಳದವಡೆಯ ಕಾಂಕೊರಿಂಕ್ ಅದಕ್ಕಿಂತ ಚಪ್ಪಟೆಯಾದುದು, ಕಚ್ಚುವ ಮುಖದಲ್ಲಿ ಸಣ್ಣ ಹಲ್ಲಿನಂಥ ಏರುಗಳುಳ್ಳದ್ದು, ದೊರೆಯುವುದೂ ವಿರಳ. ಚಿಪ್ಪು ಅರಾಗೊನೈಟ್ ಎಂಬ ಸುಣ್ಣದ ಖನಿಜದಿಂದ ಆದುದಾದರೆ ರಿಂಕೊಲೈಟ್ ಮುಖ್ಯವಾಗಿ ಕ್ಯಾಲ್ಸೈಟ್ ಎಂಬ ಇನ್ನೊಂದು ಸುಣ್ಣದ ಖನಿಜದ್ದು; ಅರಾಗೊನೈಟ್ ಬೇಗ ಕರಗುವುದರಿಂದ, ಒಂದೂ ಚಿಪ್ಪು ಉಳಿಯದ ಸುಣ್ಣಕಲ್ಲಿನಲ್ಲಿಯೂ ದವಡೆಯ ತುದಿಗಳು ಸಿಕ್ಕುತ್ತವೆ.

ಆದುದರಿಂದಲೇ ಚಿಪ್ಪಿಗೂ ದವಡೆಗೂ ಬೇರೆ ಬೇರೆ ಹೆಸರಿನ ಪರಂಪರೆಗಳು ಬೆಳೆದುವು. ಆಲ್ಫ್ರೆಡ್ ಟಿಲ್ ಎಂಬ ವಿದ್ವಾಂಸನು 1906–07ರ ಸುಮಾರಿನಲ್ಲಿ ಒಡಲಿನಿಂದ ಬೇರ್ಪಟ್ಟ ತುದಿಗಳನ್ನು ಆಕಾರಾನುಸಾರ ಹ್ಯಾಡ್ರೊಕೈಲಸ್, ಗೊನಾಟೊಕೈಲಸ್ ಮುಂತಾಗಿ ವಿಂಗಡಿಸಿದನು. ಇವು ಆಕಾರದ ಹೆಸರುಗಳೇ ಹೊರತು ಜೀವಿಯ ಹೆಸರುಗಳಲ್ಲ. ಇದಲ್ಲದೆ ಅಮೊನೈಟುಗಳಲ್ಲಿಯೂ ಕೆಲವು, ವಿಶೇಷವಾಗಿ ಲೈಟೊಸೆರಾಸಿನ ಬಳಗದವು, ಸುಣ್ಣ ತುಂಬಿದ ದವಡೆತುದಿಗಳನ್ನು ಪಡೆದಿದ್ದುವು. ಬೇರೆ ಹಲವು ಅಮೊನೈಟುಗಳ ಕೆಳದವಡೆಯೋ ಎರಡು ಸಮಾನ ಫಲಕಗಳ ಜೋಡಿ, ಅದನ್ನು ಕಪ್ಪೆಚಿಪ್ಪೆಂದು ತಿಳಿಯುವುದುಂಟು. ಹೀಗಿರಲು ಬಿಡಿಯಾಗಿ ಸಿಕ್ಕಿದ ಮೊನೆಗೆ, ಅದೇ ಸ್ತರದ ಚಿಪ್ಪಿನ ಹೆಸರನ್ನು ಬರಿಯ ನೆರೆಹೊರೆಯ ಆಧಾರದ ಮೇಲೆ ಕೊಡುವುದು ಶಾಸ್ತ್ರಸಮ್ಮತವಲ್ಲ. ಪ್ರಾಣಿ ವಾಸಿಸಿದ್ದ ಕೊನೆಯ ಕೋಣೆಯೊಳಗೇ ದವಡೆ ದೊರೆತರೆ ಇಬ್ಬಗೆಯ ಹೆಸರುಗಳನ್ನು ಕೂಡಿಸಲು ಬಲವಾದ ಆಧಾರ ಸಿಕ್ಕಿದಂತೆ. ಅಂಥ ಮಾದರಿ ಕಣ್ಣಿಗೆ ಬಿದ್ದಾಗ ಸಂಗ್ರಾಹಕರು ಒಳಗಿನ ಮೊನೆಯನ್ನು ಒಡೆದು ತೆಗೆಯದೆ, ಸುತ್ತಲಿನ ಕಲ್ಲಿನೊಡನೆಯೇ ಎತ್ತಿ, ಸ್ಥಳವನ್ನೂ ಸ್ತರವನ್ನೂ ಬರೆದಿಟ್ಟು, ವಸ್ತುಸಂಗ್ರಹಾಲಯಕ್ಕೋ ಭೂವಿಜ್ಞಾನ ವಿಭಾಗಕ್ಕೋ ಒಪ್ಪಿಸಬೇಕು.